ಮೂರನೇ ಸುತ್ತು ಔಷಧಿ ಹೊಡೆಸಬೇಕಾ? ಪಿ ಮೌಲ್ಯ ಮತ್ತು ರಿಗ್ರೆಶನ್ ಫಲಿತಾಂಶ ಓದುವ ಬಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ಮಳೆಗಾಲ ಬಂತೆಂದರೆ ಒಂದು ಪ್ರಶ್ನೆ ಏಳುತ್ತದೆ. ಕೊಳೆ ರೋಗಕ್ಕೆ ಎರಡು ಸುತ್ತು ಬೋರ್ಡೋ ದ್ರಾವಣ ಹೊಡೆಸಿ ಆಗಿದೆ, ಮಳೆ ಬಿಡುತ್ತಿಲ್ಲ. ಮೂರನೇ ಸುತ್ತು ಬೇಕಾ, ಬೇಡ್ವಾ? ಹೊಡೆಸೋಣ ಅಂದರೆ ಮರ ಹತ್ತುವ ಕೊನೆಗಾರರು ಸಿಗಬೇಕು, ಕೂಲಿ ಕೊಡಬೇಕು, ಮೈಲುತುತ್ತ ತರಬೇಕು. ಬಿಟ್ಟರೆ ಕೊಳೆ ಬಂದು ಕಾಯಿ ಉದುರಬಹುದು. ಕೇಳಿದರೆ ಒಬ್ಬರು ಬೇಕೇ ಬೇಕು ಅನ್ನುತ್ತಾರೆ, ಇನ್ನೊಬ್ಬರು ಸುಮ್ನೆ ದಂಡ ಅನ್ನುತ್ತಾರೆ.

ಇಂಥ ಪ್ರಶ್ನೆಗೆ ಅಂಕಿಅಂಶದಿಂದ ಉತ್ತರ ಹುಡುಕುವ ಕ್ರಮವನ್ನು ಹಂತ ಹಂತವಾಗಿ ಬರೆದಿದ್ದೇನೆ. ಪ್ರಾಜೆಕ್ಟ್ ಮಾಡುತ್ತಿರುವ ವಿದ್ಯಾರ್ಥಿಗಳು ಮತ್ತು ತೋಟದ ಲೆಕ್ಕ ಸರಿಯಾಗಿ ಇಡುವ ಬೆಳೆಗಾರರು ಇಬ್ಬರೂ ಮನಸ್ಸಿನಲ್ಲಿದ್ದಾರೆ. ನನ್ನ ಮಾತು ಇಷ್ಟೇ: ಪಿ ಮೌಲ್ಯವನ್ನು, ಅಂದರೆ ನಿಜಕ್ಕೂ ಪರಿಣಾಮ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಅದೃಷ್ಟದಿಂದಲೇ ಕಾಣುವ ಸಾಧ್ಯತೆಯನ್ನು, ಕೊನೆಗೆ ನೋಡಿ. ಮೊದಲು ಅಂಕಿ ಎಲ್ಲಿಂದ, ಹೇಗೆ ಬಂತು ಅಂತ ನೋಡಿ. ಆಮೇಲೆ ಪರಿಣಾಮ ಎಷ್ಟು ದೊಡ್ಡದು, ಅದು ಎಷ್ಟರಿಂದ ಎಷ್ಟರವರೆಗೆ ಇರಬಹುದು ಅಂತ ನೋಡಿ. ಕೋಷ್ಟಕ ತೆರೆದ ಕೂಡಲೇ ಪಿ 0.05ಕ್ಕಿಂತ ಕಡಿಮೆ ಇರುವ ಸಾಲು ಹುಡುಕುವ ಅಭ್ಯಾಸ ಬಹಳ ಜನರಲ್ಲಿದೆ. ಅದನ್ನು ಬಿಡಿಸಬೇಕು ಅನ್ನುವುದೇ ಈ ಬರಹದ ಆಸೆ.

ಕೆಳಗಿನ ತೋಟದ ಅಂಕಿಗಳೆಲ್ಲ ಅಭ್ಯಾಸಕ್ಕಾಗಿ ನಾನೇ ಕಟ್ಟಿದವು. ಇವನ್ನು ಯಾವುದೋ ಅಧ್ಯಯನದ ಫಲಿತಾಂಶ ಎಂದು ತೆಗೆದುಕೊಳ್ಳಬೇಡಿ.

ಹಂತ 1: ಪ್ರಶ್ನೆಯನ್ನು ಅಳೆಯುವಂತೆ ಬರೆಯಿರಿ

"ಔಷಧಿ ಉಪಯೋಗ ಆಗುತ್ತದಾ?" ಎಂಬುದು ತುಂಬಾ ಸಡಿಲ ಪ್ರಶ್ನೆ. ಔಷಧಿ ಕೆಲಸ ಮಾಡುತ್ತದೆ ಎಂಬುದು ಹಳೆಯ ಸಂಗತಿ. ಕೊಳೆ ಫೈಟೋಫ್ತೊರಾ ಜಾತಿಯ ಸೂಕ್ಷ್ಮಜೀವಿಯಿಂದ ಬರುತ್ತದೆ ಎಂದು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಬರೆದಿದ್ದರು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಸೇರಿದ ಶೇ. 1ರ ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲು ಒಂದು ಸುತ್ತು, 40-45 ದಿನ ಬಿಟ್ಟು ಇನ್ನೊಂದು ಸುತ್ತು ಹೊಡೆಯುವ ಪದ್ಧತಿ ಎಲ್ಲರಿಗೂ ಗೊತ್ತು.

ನಮಗೆ ಬೇಕಿರುವ ಪ್ರಶ್ನೆ ಬೇರೆ. ಎರಡು ಸುತ್ತಿನ ಮೇಲೆ ಮೂರನೆಯದು ಹೊಡೆಸಿದರೆ, ಕೊಳೆಯಿಂದ ಉದುರುವ ಕಾಯಿಯ ಪ್ರಮಾಣ ಎಷ್ಟು ಕಡಿಮೆಯಾಗುತ್ತದೆ? ಇದರಲ್ಲಿ ಅಳೆಯುವ ಸಂಗತಿ ಇದೆ, ಹೋಲಿಸುವ ಎರಡು ಗುಂಪು ಇದೆ. ಅಳತೆಯ ಕ್ರಮವನ್ನೂ ಈಗಲೇ ನಿಗದಿ ಮಾಡಿ. ಗುರುತು ಹಾಕಿದ ಮರಗಳ ಕೊನೆಯಲ್ಲಿ, ಅಂದರೆ ಅಡಿಕೆ ಗೊನೆಯಲ್ಲಿ, ಮೊದಲು ಎಷ್ಟು ಕಾಯಿ ಇತ್ತು, ಕೊಳೆ ಬಂದು ಎಷ್ಟು ಉದುರಿತು ಅಂತ ಎಣಿಸಬೇಕು. ಸೀಸನ್ ಮುಗಿದ ಮೇಲೆ "ಈ ಸಲ ಎಷ್ಟು ಹೋಯ್ತು?" ಎಂದು ಕೇಳಿ ಬರೆದುಕೊಂಡರೆ ಸಿಗುವುದು ನೆನಪು. ಅದು ಎಣಿಕೆ ಅಲ್ಲ. ಆಮೇಲೆ ಯಾವ ಪರೀಕ್ಷೆ ಹಚ್ಚಿದರೂ ಅದು ಸರಿಯಾಗುವುದಿಲ್ಲ.

ಹಂತ 2: ಶೂನ್ಯ ಊಹೆ ಮತ್ತು ಚೀಟಿ

ಶೂನ್ಯ ಊಹೆ ಎಂದರೆ "ಏನೂ ವ್ಯತ್ಯಾಸ ಇಲ್ಲ" ಎಂದು ಸದ್ಯಕ್ಕೆ ಇಟ್ಟುಕೊಳ್ಳುವ ಮಾತು. ಇಲ್ಲಿ: ಮೂರನೇ ಸುತ್ತಿನಿಂದ ಸರಾಸರಿ ನಷ್ಟ ಬದಲಾಗುವುದಿಲ್ಲ. ಎದುರು ಊಹೆ: ಬದಲಾಗುತ್ತದೆ. ಅಂಕಿ ನೋಡುವ ಮೊದಲೇ ಎರಡನ್ನೂ ಬರೆದು ತಾರೀಕು ಹಾಕಿಡಿ.

ಸಾಧ್ಯವಿದ್ದರೆ ಯಾವ ತೋಟಕ್ಕೆ ಮೂರನೇ ಸುತ್ತು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಇದು ಆಟ ಅಲ್ಲ. ಮಾಲೀಕರ ಆಯ್ಕೆಗೇ ಬಿಟ್ಟರೆ ಕೊಳೆ ಜಾಸ್ತಿ ಬರುವ ತೋಟದವರೇ ಮೂರನೇ ಸುತ್ತು ಹೊಡೆಸುತ್ತಾರೆ. ಆಗ ಔಷಧಿಯ ಪರಿಣಾಮ, ತೋಟದ ಸ್ವಭಾವ ಎರಡೂ ಕಲಸಿಹೋಗುತ್ತವೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿದ್ದ ರೊನಾಲ್ಡ್ ಫಿಶರ್ ಹೊಲದ ಪ್ರಯೋಗಗಳಿಗೆ ಇಂಥ ಯಾದೃಚ್ಛಿಕ ಹಂಚಿಕೆಯನ್ನು ಒತ್ತಿ ಹೇಳಿದ್ದು ಇದೇ ಕಾರಣಕ್ಕೆ.

ಇನ್ನೊಂದು ಎಚ್ಚರ. 40 ತೋಟ, ಪ್ರತಿ ತೋಟದಲ್ಲಿ 10 ಮರ ಎಣಿಸಿದರೆ ನಿಮ್ಮಲ್ಲಿರುವುದು 400 ಸ್ವತಂತ್ರ ಅಂಕಿ ಅಲ್ಲ. ಒಂದೇ ತೋಟದ ಮರಗಳಿಗೆ ಒಂದೇ ಮಳೆ, ಒಂದೇ ನೆರಳು, ಒಬ್ಬರೇ ಕೊನೆಗಾರರು. ಔಷಧಿ ಹಂಚಿದ್ದು ತೋಟಕ್ಕೆ, ಹಾಗಾಗಿ ಲೆಕ್ಕಕ್ಕೆ ಬರುವುದೂ 40 ತೋಟ. ಹತ್ತು ಮರದ ಸರಾಸರಿ ತೆಗೆದು ತೋಟಕ್ಕೊಂದು ಅಂಕಿ ಮಾಡಿಕೊಳ್ಳಿ. 400 ಎಂದು ಹಾಕಿದರೆ ಪಿ ಮೌಲ್ಯ ಸುಳ್ಳೇ ಚಿಕ್ಕದಾಗಿ ಕಾಣುತ್ತದೆ. ಪ್ರಾಜೆಕ್ಟ್ ವರದಿಗಳಲ್ಲಿ ನುಸುಳುವ ತಪ್ಪುಗಳಲ್ಲಿ ಇದು ದೊಡ್ಡದು. ಓದಿದವರಿಗೆ ಗೊತ್ತೂ ಆಗುವುದಿಲ್ಲ.

ಹಂತ 3: ಪರೀಕ್ಷೆ ಮಾಡಿ, ಉತ್ತರ ಓದಿ

20 ತೋಟಕ್ಕೆ ಎರಡು ಸುತ್ತು, 20 ತೋಟಕ್ಕೆ ಮೂರು ಸುತ್ತು ಎಂದುಕೊಳ್ಳಿ. ಸರಾಸರಿ ನಷ್ಟ ಮೊದಲ ಗುಂಪಿನಲ್ಲಿ ಶೇ. 14, ಎರಡನೆಯದರಲ್ಲಿ ಶೇ. 11. ಎರಡರಲ್ಲೂ ತೋಟದಿಂದ ತೋಟಕ್ಕೆ ಇರುವ ಹರವು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, 5.

ವ್ಯತ್ಯಾಸ 3. ಇದರ ಸ್ಟ್ಯಾಂಡರ್ಡ್ ಎರರ್, ಅಂದರೆ ಈ ವ್ಯತ್ಯಾಸ ಅದೃಷ್ಟದಿಂದ ಎಷ್ಟು ಆಚೀಚೆ ಆಗಬಹುದು ಎಂಬ ಅಳತೆ, ಬೇಕು. ಹರವು 5ನ್ನು 2/20ರ ವರ್ಗಮೂಲದಿಂದ ಗುಣಿಸಿದರೆ ಸುಮಾರು 1.58. ವ್ಯತ್ಯಾಸವನ್ನು ಇದರಿಂದ ಭಾಗಿಸಿದರೆ ಟಿ ಬೆಲೆ 1.90. ಕಡಿಮೆ ಅಂಕಿ ಇರುವಾಗ ಬಳಸುವ ಈ ಟಿ ಲೆಕ್ಕವನ್ನು ಕೊಟ್ಟವರು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗೊಸೆಟ್. 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಅದನ್ನು ಪ್ರಕಟಿಸಿದರು. 38 ಸ್ವಾತಂತ್ರ್ಯಾಂಶಕ್ಕೆ (40 ತೋಟದಿಂದ ಎರಡು ಗುಂಪಿನ ಎರಡು ಸರಾಸರಿ ಕಳೆದರೆ 38) ನಮ್ಮ ಪಿ ಮೌಲ್ಯ ಸುಮಾರು 0.065 ಬರುತ್ತದೆ.

ಈ 0.065ರ ಅರ್ಥವನ್ನು ನಿಧಾನವಾಗಿ ಓದಿ. ಮೂರನೇ ಸುತ್ತಿನಿಂದ ನಿಜಕ್ಕೂ ಏನೂ ಬದಲಾಗುವುದಿಲ್ಲ ಎಂದಿಟ್ಟುಕೊಳ್ಳೋಣ. ಆಗಲೂ ಯಾವ ತೋಟ ಯಾವ ಗುಂಪಿಗೆ ಬಿತ್ತು ಎಂಬ ಅದೃಷ್ಟದಿಂದಲೇ, ಆಚೆಗೋ ಈಚೆಗೋ, 3 ಅಂಶ (ಶೇಕಡಾ ಲೆಕ್ಕದಲ್ಲಿ 3) ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸ ಕಾಣಬಹುದು. ಅಂಥ ಪ್ರಯೋಗ ನೂರು ಸಲ ಮಾಡಿದರೆ ಆರೇಳು ಸಲ ಹೀಗಾಗುತ್ತದೆ. ಪಿ ಹೇಳುವುದು ಅಷ್ಟೇ. "ಔಷಧಿ ಕೆಲಸ ಮಾಡದಿರುವ ಸಾಧ್ಯತೆ ಶೇ. 6.5" ಎಂದು ಅದು ಹೇಳುವುದಿಲ್ಲ. "ಶೇ. 93.5 ಖಚಿತ" ಎಂದೂ ಹೇಳುವುದಿಲ್ಲ. ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಶನ್ 2016ರಲ್ಲಿ ಒಂದು ಹೇಳಿಕೆ ಹೊರಡಿಸಿ ಇದೇ ಎಚ್ಚರಿಕೆ ಕೊಟ್ಟಿತು. ಪಿ ಮೌಲ್ಯ ಪರಿಣಾಮದ ಗಾತ್ರವನ್ನು ಅಳೆಯುವುದಿಲ್ಲ, ಅದೊಂದನ್ನೇ ನಂಬಿ ತೀರ್ಮಾನ ಮಾಡಬಾರದು ಎಂಬುದೂ ಅದರಲ್ಲಿತ್ತು.

0.05ಕ್ಕಿಂತ ಮೇಲಿದೆ, ಹಾಗಾಗಿ ಮೂರನೇ ಸುತ್ತು ವ್ಯರ್ಥ ಎಂದು ಬರೆದುಬಿಡುವುದು ಸುಲಭ. ಆದರೆ ತಪ್ಪು. 0.05 ಪ್ರಕೃತಿಯ ನಿಯಮ ಏನಲ್ಲ. ಫಿಶರ್ 1925ರ ತಮ್ಮ ಪುಸ್ತಕದಲ್ಲಿ ಅದನ್ನು ಅನುಕೂಲದ ಗಡಿ ಎಂದು ಬಳಸಿದರು, ಮುಂದೆ ಅದೇ ರೂಢಿಯಾಯಿತು.

ಪಿ ಬದಲು ಶೇ. 95ರ ವಿಶ್ವಾಸದ ವ್ಯಾಪ್ತಿ, ಅಂದರೆ ನಿಜವಾದ ವ್ಯತ್ಯಾಸ ಎಷ್ಟರಿಂದ ಎಷ್ಟರವರೆಗೆ ಇರಬಹುದು ಎಂಬ ಅಂದಾಜು, ನೋಡಿ. 3ರಿಂದ ಎರಡೂ ಕಡೆ 2.02 (38 ಸ್ವಾತಂತ್ರ್ಯಾಂಶಕ್ಕೆ ಟಿ ಕೋಷ್ಟಕದ ಬೆಲೆ) ಗುಣಿಸು 1.58, ಅಂದರೆ 3.2. ವ್ಯಾಪ್ತಿ ಮೈನಸ್ 0.2ರಿಂದ 6.2. ಎಕರೆಗೆ 10 ಕ್ವಿಂಟಲ್ ಬರುವ ತೋಟಕ್ಕೆ ಇದನ್ನು ಇಳಿಸೋಣ. ಮೂರನೇ ಸುತ್ತಿನಿಂದ ಉಳಿಯುವ ಬೆಳೆ ಹೆಚ್ಚು ಕಡಿಮೆ 30 ಕೆಜಿ. ಕೆಟ್ಟದಾದರೆ 2 ಕೆಜಿ ನಷ್ಟ, ಒಳ್ಳೆಯದಾದರೆ 62 ಕೆಜಿ ಲಾಭ. ಈಗ ಚಾಲಿ ಅಡಿಕೆಯ ಇವತ್ತಿನ ದರ ಹಾಕಿ, ಒಂದು ಸುತ್ತಿನ ಖರ್ಚಿನ ಪಕ್ಕದಲ್ಲಿಡಿ. ತೀರ್ಮಾನ ಮಾಡುವವರಿಗೆ ಬೇಕಾದ ಮಾಹಿತಿ ಇದು. "ಸಿಗ್ನಿಫಿಕೆಂಟ್ ಅಲ್ಲ" ಎಂಬ ಎರಡು ಪದದಲ್ಲಿ ಇದೆಲ್ಲ ಕಳೆದುಹೋಗುತ್ತದೆ.

ಹಂತ 4: ತೋಟ ಸಾಕಾಗಿತ್ತಾ?

ಈ ಲೆಕ್ಕ ಪ್ರಯೋಗಕ್ಕೆ ಮೊದಲೇ ಆಗಬೇಕು. ಒರಟು ಸೂತ್ರ ಸುಲಭ: ಹರವನ್ನು ನೀವು ಹಿಡಿಯಬೇಕಾದ ವ್ಯತ್ಯಾಸದಿಂದ ಭಾಗಿಸಿ, ವರ್ಗ ಮಾಡಿ, 16ರಿಂದ ಗುಣಿಸಿ. 5/3ರ ವರ್ಗ 2.78, ಗುಣಿಸಿದರೆ ಗುಂಪಿಗೆ ಸುಮಾರು 45 ತೋಟ. ಅಷ್ಟಿದ್ದರೆ ನಿಜವಾಗಿ 3 ಅಂಶದ ವ್ಯತ್ಯಾಸ ಇದ್ದಾಗ ಅದು 0.05ರ ಗಡಿಯಲ್ಲಿ ಸಿಕ್ಕಿಬೀಳುವ ಸಾಧ್ಯತೆ ಶೇ. 80. ನಮ್ಮಲ್ಲಿದ್ದದ್ದು 20. ಆಗ ಈ ಸಾಧ್ಯತೆ ಅರ್ಧದಷ್ಟೂ ಇಲ್ಲ.

ಕಡಿಮೆ ಅಂಕಿಯಿಂದ ಹೆಚ್ಚು ನಿಖರತೆ ಹಿಂಡಲು ಜಾಣ ಸೂತ್ರ ಸಿಗಬಹುದು ಎಂಬ ಆಸೆಗೂ ಒಂದು ಗಡಿ ಇದೆ. ಪಕ್ಷಪಾತವಿಲ್ಲದ ಯಾವ ಅಂದಾಜೂ ಆ ಗಡಿ ದಾಟಲಾರದು ಎಂದು 1945ರಲ್ಲಿ ತೋರಿಸಿದವರು ಸಿ.ಆರ್. ರಾವ್. ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ. ಸ್ವೀಡನ್ನಿನ ಕ್ರಾಮರ್ ಹೆಸರೂ ಸೇರಿ ಅದು ಕ್ರಾಮರ್-ರಾವ್ ಮಿತಿ ಎಂದು ಜಗತ್ತಿನಾದ್ಯಂತ ಪಠ್ಯದಲ್ಲಿದೆ. ನಮ್ಮ ಕಾಲೇಜುಗಳಲ್ಲಿ ಇದನ್ನು ಹೆಮ್ಮೆಯಿಂದ ಹೇಳಿಕೊಡಬೇಕು.

ಹಂತ 5: ಚೀಟಿ ಎತ್ತಲು ಆಗದಿದ್ದರೆ ರಿಗ್ರೆಶನ್

ಬಹಳ ಸಲ ಪ್ರಯೋಗ ಮಾಡಲು ಆಗುವುದಿಲ್ಲ. ನಡೆದದ್ದನ್ನು ಸಮೀಕ್ಷೆ ಮಾಡಬೇಕಾಗುತ್ತದೆ. ಆಗ ಬೇಕಾಗುವುದು ರಿಗ್ರೆಶನ್, ಅಂದರೆ ಒಂದು ಸಂಗತಿ ಬದಲಾದಂತೆ ಇನ್ನೊಂದು ಸರಾಸರಿ ಎಷ್ಟು ಬದಲಾಗುತ್ತದೆ ಎಂದು ಗೆರೆ ಎಳೆದು ನೋಡುವ ಲೆಕ್ಕ. 60 ತೋಟಗಳಿಂದ ನಷ್ಟದ ಶೇಕಡಾ ಪ್ರಮಾಣ ಮತ್ತು ಹೊಡೆಸಿದ ಸುತ್ತುಗಳ ಸಂಖ್ಯೆ ತಂದಿರಿ ಎಂದುಕೊಳ್ಳಿ. ಎಕ್ಸೆಲ್‌ನ ಟೂಲ್‌ಪ್ಯಾಕ್ ಆಗಲಿ, ಉಚಿತವಾಗಿ ಸಿಗುವ ಜಮೊವಿ ಅಥವಾ ಆರ್ ತಂತ್ರಾಂಶ ಆಗಲಿ, ಒಂದೇ ಉತ್ತರ ಕೊಡುತ್ತವೆ:

ನಷ್ಟ = 9.2 + 1.2 × ಸುತ್ತು

ಇಂಥ ಸಮೀಕರಣಕ್ಕೆ ಮಾದರಿ ಅನ್ನುತ್ತಾರೆ. ಸುತ್ತಿನ ಗುಣಾಂಕದ, ಅಂದರೆ ಸುತ್ತನ್ನು ಗುಣಿಸುವ 1.2ರ, ಸ್ಟ್ಯಾಂಡರ್ಡ್ ಎರರ್ 0.5, ಪಿ ಮೌಲ್ಯ 0.02. 0.05ಕ್ಕಿಂತ ಕಡಿಮೆ, ಕೋಷ್ಟಕದಲ್ಲಿ ನಕ್ಷತ್ರದ ಗುರುತು ಬಿತ್ತು! ಆದರೆ ಏನು ಹೇಳುತ್ತಿದೆ ನೋಡಿ. ಒಂದು ಸುತ್ತು ಜಾಸ್ತಿ ಹೊಡೆಸಿದ ತೋಟದಲ್ಲಿ ನಷ್ಟ 1.2 ಅಂಶ ಜಾಸ್ತಿ. ಔಷಧಿಯಿಂದಲೇ ಕೊಳೆ ಬರುತ್ತದಾ?

ಇಲ್ಲ, ಅಲ್ವಾ. ಘಟ್ಟದ ಅಂಚಿನ, ಮಳೆ ಹೊಡೆಯುವ ತೋಟದವರು ಹೆಚ್ಚು ಸುತ್ತು ಹೊಡೆಸುತ್ತಾರೆ. ಅದೇ ಮಳೆ ಕೊಳೆಯನ್ನೂ ಹೆಚ್ಚಿಸುತ್ತದೆ. ಮಳೆ ಎರಡರ ಹಿಂದೆಯೂ ನಿಂತಿದೆ, ಆದರೆ ಕೋಷ್ಟಕದಲ್ಲಿ ಇಲ್ಲ. ಪಿ ಮೌಲ್ಯ ಎಷ್ಟೇ ಚಿಕ್ಕದಿದ್ದರೂ ಈ ದೋಷವನ್ನು ಅದು ಕಾಣಲಾರದು. ಇದನ್ನು ಕಾಣಬೇಕಾದದ್ದು ತೋಟ ಗೊತ್ತಿರುವ ಮನುಷ್ಯ. ಹಾಗಾಗಿ ಮಾದರಿ ಕಟ್ಟುವ ಮೊದಲು ಕೊನೆಗಾರರ ಹತ್ತಿರ ಒಂದು ತಾಸು ಮಾತಾಡಿ. ಯಾವ ಸಂಗತಿ ಯಾವುದರ ಮೇಲೆ ಪರಿಣಾಮ ಮಾಡುತ್ತದೆ ಎಂದು ಬಾಣ ಎಳೆದು ಚಿತ್ರ ಬರೆಯಿರಿ.

ಜುಲೈ ಮಳೆಯನ್ನೂ, ಬಸಿಗಾಲುವೆ ಬಿಡಿಸಿದ್ದರೆ 1 ಇಲ್ಲದಿದ್ದರೆ 0 ಎಂಬ ಅಂಕಣವನ್ನೂ ಸೇರಿಸಿ ಮತ್ತೆ ಓಡಿಸಿದಾಗ ಬಂದದ್ದು:

ಸ್ಥಿರಾಂಕ: 1.5
ಸುತ್ತು: ಮೈನಸ್ 2.1, ಸ್ಟ್ಯಾಂಡರ್ಡ್ ಎರರ್ 0.8, ಪಿ 0.011
ಮಳೆ, ಪ್ರತಿ 100 ಮಿ.ಮೀ.ಗೆ: 1.6, ಸ್ಟ್ಯಾಂಡರ್ಡ್ ಎರರ್ 0.3, ಪಿ 0.001ಕ್ಕಿಂತ ಕಡಿಮೆ
ಬಸಿಗಾಲುವೆ: ಮೈನಸ್ 1.4, ಸ್ಟ್ಯಾಂಡರ್ಡ್ ಎರರ್ 1.1, ಪಿ 0.21
ಆರ್ ವರ್ಗ: 0.41

ಸುತ್ತಿನ ಚಿಹ್ನೆಯೇ ತಿರುಗಿತು. ಇನ್ನು ಒಂದೊಂದೇ ಸಾಲು ಓದೋಣ.

ಸುತ್ತಿನ ಸಾಲು: ಒಂದೇ ಮಳೆ ಬಿದ್ದ, ಬಸಿಗಾಲುವೆಯ ಸ್ಥಿತಿಯೂ ಒಂದೇ ಆಗಿರುವ ತೋಟಗಳನ್ನು ಹೋಲಿಸಿದರೆ, ಒಂದು ಸುತ್ತು ಹೆಚ್ಚು ಹೊಡೆಸಿದಲ್ಲಿ ನಷ್ಟ ಸರಾಸರಿ 2.1 ಅಂಶ ಕಡಿಮೆ. "ಉಳಿದವು ಒಂದೇ ಇದ್ದಾಗ" ಎಂಬ ಮಾತನ್ನು ವರದಿಯಲ್ಲಿ ಬಿಡಬೇಡಿ. ವ್ಯಾಪ್ತಿ ಮೈನಸ್ 3.7ರಿಂದ ಮೈನಸ್ 0.5. ಮೊದಲ ಮಾದರಿಯಲ್ಲಿ 0.5 ಇದ್ದ ಸ್ಟ್ಯಾಂಡರ್ಡ್ ಎರರ್ ಇಲ್ಲಿ 0.8 ಆದದ್ದನ್ನೂ ಗಮನಿಸಿ. ಮಳೆ ಮತ್ತು ಸುತ್ತು ಒಟ್ಟೊಟ್ಟಿಗೆ ಏರುವುದರಿಂದ ಯಾವುದರ ಪಾಲು ಎಷ್ಟು ಎಂದು ಬಿಡಿಸುವುದು ಕಷ್ಟ. ಹಾಗೆಂದು ಮಳೆಯನ್ನು ಕಿತ್ತುಹಾಕಿದರೆ ಮತ್ತೆ ಅದೇ ತಪ್ಪು ಉತ್ತರಕ್ಕೆ ಹೋಗುತ್ತೇವೆ.

ಮಳೆಯ ಸಾಲು ಸರಳ. 100 ಮಿ.ಮೀ.ಗೆ 1.6 ಅಂಶ. ಏಕಮಾನ ಬರೆಯದೆ ಗುಣಾಂಕ ಮಾತ್ರ ಕೊಟ್ಟರೆ ಓದುಗರು ಮೋಸ ಹೋಗುತ್ತಾರೆ. ಇದೇ ಸಂಖ್ಯೆ ಪ್ರತಿ ಮಿ.ಮೀ.ಗೆ 0.016 ಆಗುತ್ತದೆ, ನೋಡಲು ಪುಟ್ಟದು. ಗುಣಾಂಕ ದೊಡ್ಡದಿದೆ ಎಂದು ಪರಿಣಾಮ ದೊಡ್ಡದು ಅನ್ನುವ ಹಾಗಿಲ್ಲ.

ಬಸಿಗಾಲುವೆಯ ಸಾಲಿನಲ್ಲೇ ಹೆಚ್ಚು ಜನ ಎಡವುವುದು. ಪಿ 0.21, ಹಾಗಾಗಿ ಕಾಲುವೆ ಬಿಡಿಸಿ ಪ್ರಯೋಜನ ಇಲ್ಲ ಎಂದು ಬರೆಯುತ್ತಾರೆ. ಅಂಕಿ ತೆರೆದು ನೋಡಿ: 60ರಲ್ಲಿ ಕಾಲುವೆ ಬಿಡಿಸಿದ್ದು ಕೇವಲ 6 ತೋಟ. ವ್ಯಾಪ್ತಿ ಮೈನಸ್ 3.6ರಿಂದ 0.8. ಔಷಧಿಯಷ್ಟೇ ಲಾಭ ಇರಬಹುದು, ಏನೂ ಇಲ್ಲದಿರಲೂಬಹುದು. "ಪರಿಣಾಮ ಇಲ್ಲ" ಮತ್ತು "ನಮ್ಮ ಅಂಕಿಯಿಂದ ಹೇಳಲು ಆಗಲಿಲ್ಲ" ಎರಡೂ ಬೇರೆ ಬೇರೆ. ಮೊದಲನೆಯದನ್ನು ನಂಬಿ ಯಾರಾದರೂ ಕಾಲುವೆ ಬಿಡಿಸುವುದನ್ನೇ ನಿಲ್ಲಿಸಿದರೆ ಆ ನಷ್ಟಕ್ಕೆ ವರದಿ ಬರೆದವರು ಹೊಣೆ.

ಸ್ಥಿರಾಂಕ 1.5 ಎಂದರೆ ಔಷಧಿ ಹೊಡೆಸದ, ಕಾಲುವೆ ಬಿಡಿಸದ, ಜುಲೈಯಲ್ಲಿ ಒಂದು ಹನಿಯೂ ಮಳೆ ಬೀಳದ ತೋಟದ ನಷ್ಟ. ಶಿರಸಿಯಲ್ಲಿ ಅಂಥ ಜುಲೈ ಇಲ್ಲ. ಇದಕ್ಕೆ ಅರ್ಥ ಹುಡುಕಬೇಡಿ.

ಆರ್ ವರ್ಗ 0.41: ತೋಟಗಳ ನಡುವಿನ ನಷ್ಟದ ಏರುಪೇರಿನಲ್ಲಿ ಶೇ. 41ರಷ್ಟನ್ನು ಈ ಮೂರು ಸಂಗತಿಗಳು ಲೆಕ್ಕಕ್ಕೆ ಹಿಡಿದಿವೆ. ಇದು ಕಡಿಮೆಯಾಯಿತು ಎಂದು ಬೇಸರ ಬೇಡ. ಮರದ ವಯಸ್ಸು, ನೆರಳು, ಹೊಡೆದ ದಿನ, ದ್ರಾವಣ ಅಡಿಕೆ ಕೊನೆಗೆ ಸರಿಯಾಗಿ ತಾಗಿತೋ ಇಲ್ಲವೋ ಎಲ್ಲ ಹೊರಗಿವೆ. ಸುತ್ತಿನ ಪರಿಣಾಮ ಅಂದಾಜು ಮಾಡುವುದೇ ಗುರಿಯಾದರೆ ಆರ್ ವರ್ಗ ಮುಖ್ಯವಲ್ಲ. ಒಂದು ತೋಟದ ನಷ್ಟವನ್ನು ಮುಂದಾಗಿ ಹೇಳುವುದಾದರೆ ಮುಖ್ಯ. ಎರಡು ಸುತ್ತು, 900 ಮಿ.ಮೀ. ಮಳೆ, ಬಿಡಿಸಿದ ಕಾಲುವೆ ಎಂದು ಹಾಕಿದರೆ 1.5 − 4.2 + 14.4 − 1.4, ಅಂದರೆ ಶೇ. 10.3. ಆದರೆ ಈ ಮಾದರಿಯ ಉಳಿಕೆಗಳ, ಅಂದರೆ ನಿಜವಾದ ನಷ್ಟದಿಂದ ಮಾದರಿಯ ನಷ್ಟ ಕಳೆದದ್ದರ, ಹರವು ಸುಮಾರು 2.5 ಇರುವುದರಿಂದ, ಒಂದು ತೋಟದ ನಷ್ಟ ಇದಕ್ಕಿಂತ ಐದಾರು ಅಂಶ ಆಚೀಚೆ ಆಗಬಹುದು. ಸರಾಸರಿಯ ವ್ಯಾಪ್ತಿ ಬೇರೆ, ಒಂದೇ ತೋಟದ ವ್ಯಾಪ್ತಿ ಬೇರೆ. ಎರಡನೆಯದು ಯಾವಾಗಲೂ ಅಗಲ.

ಈ ಸಮೀಕರಣವನ್ನು ಮಳೆ ಕಡಿಮೆ ಇರುವ ಮುಂಡಗೋಡಿಗೆ ಒಯ್ಯಬೇಡಿ. ಅಂಕಿ ಸಿಕ್ಕ ವ್ಯಾಪ್ತಿಯ ಹೊರಗೆ ಗೆರೆ ಹೇಗೆ ಹೋಗುತ್ತದೆ ಎಂದು ಮಾದರಿಗೆ ಗೊತ್ತಿಲ್ಲ.

ಹಂತ 6: ಚಿತ್ರ ಬಿಡಿಸಿ

ಉಳಿಕೆಗಳನ್ನು ಚಿತ್ರದಲ್ಲಿ ಹಾಕಿ ನೋಡಿ. ಬಿಲ್ಲಿನ ಹಾಗೆ ಬಾಗಿದ್ದರೆ ನೇರ ಗೆರೆ ಸಾಲದು. ಒಂದು ಕಡೆ ಅಗಲವಾಗುತ್ತಾ ಹೋದರೆ ಸ್ಟ್ಯಾಂಡರ್ಡ್ ಎರರ್ ನಂಬುವಂತಿಲ್ಲ. ಫ್ರಾನ್ಸಿಸ್ ಆನ್‌ಸ್ಕೊಂಬ್ 1973ರಲ್ಲಿ 11 ಜೋಡಿ ಅಂಕಿಗಳ ನಾಲ್ಕು ಪಟ್ಟಿ ಕೊಟ್ಟರು. ನಾಲ್ಕಕ್ಕೂ ಅದೇ ಗೆರೆ, ಅದೇ 0.67 ಆರ್ ವರ್ಗ. ಚಿತ್ರ ಬಿಡಿಸಿದರೆ ಒಂದು ನೇರ, ಒಂದು ಬಾಗಿದ್ದು, ಉಳಿದೆರಡರಲ್ಲಿ ಒಂದೇ ಒಂದು ಬಿಂದು ಗೆರೆಯನ್ನು ಎಳೆದಾಡುತ್ತಿದೆ. ಆ ಪಟ್ಟಿಗಳನ್ನು ಒಮ್ಮೆ ನೀವೇ ಟೈಪ್ ಮಾಡಿ ಬಿಡಿಸಿ ನೋಡಿ.

ಹಂತ 7: ಕರಾವಳಿಯ ಅಂಕಿಗೆ ಎರಡು ಎಚ್ಚರ

ಕಾರವಾರ, ತದಡಿ, ಹೊನ್ನಾವರದ ಮೀನಿನ ಲೆಕ್ಕ ಇಟ್ಟುಕೊಂಡು ಕೆಲಸ ಮಾಡುವವರಿಗೆ ಬೇರೆ ತೊಡಕು. ತಿಂಗಳು ತಿಂಗಳ ಅಂಕಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಈ ತಿಂಗಳು ಬಂಗಡೆ ಜಾಸ್ತಿ ಬಂದರೆ ಮುಂದಿನ ತಿಂಗಳೂ ಬರುವ ಸಾಧ್ಯತೆ ಹೆಚ್ಚು. ಸಾಮಾನ್ಯ ರಿಗ್ರೆಶನ್ ಇದನ್ನು ಕಡೆಗಣಿಸಿ ಪಿ ಮೌಲ್ಯವನ್ನು ಇಳಿಸಿಬಿಡುತ್ತದೆ. ವರ್ಷದಿಂದ ವರ್ಷಕ್ಕೆ ಏರುವ ಯಾವ ಎರಡು ಸಂಗತಿಯನ್ನು ಜೋಡಿಸಿದರೂ ಸಂಬಂಧ ಇದ್ದ ಹಾಗೇ ಕಾಣುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವುದನ್ನೂ ಮರೆಯಬೇಡಿ. ಆ ತಿಂಗಳುಗಳಿಗೆ ಸೊನ್ನೆ ತುಂಬಿದರೆ ಕಡಲಲ್ಲಿ ಮೀನೇ ಇರಲಿಲ್ಲ ಎಂದು ಲೆಕ್ಕ ತಿಳಿಯುತ್ತದೆ. ಒಟ್ಟು ಹಿಡಿತದ ಬದಲು, ಒಂದು ದೋಣಿ ಒಂದು ಸಲ ಹೋಗಿ ಬಂದರೆ ಎಷ್ಟು ಎಂಬ ಅಳತೆ ಹೆಚ್ಚು ಪ್ರಾಮಾಣಿಕ.

ಹಾಗೇ, ಗಾಳಿ, ಉಬ್ಬರ, ಉಷ್ಣತೆ, ಹುಣ್ಣಿಮೆ ಎಂದು ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿದಿರಿ ಎನ್ನಿ. ಒಂದರಲ್ಲೂ ನಿಜವಾದ ಪರಿಣಾಮ ಇಲ್ಲದಿದ್ದರೂ ಕನಿಷ್ಠ ಒಂದು 0.05ಕ್ಕಿಂತ ಕೆಳಗೆ ಬರುವ ಸಾಧ್ಯತೆ ಶೇ. 64. ಅದೊಂದನ್ನೇ ಎತ್ತಿ ತೋರಿಸಿ ಉಳಿದ 19ನ್ನು ಮುಚ್ಚಿಡುವುದು ಮೋಸ. ಎಷ್ಟು ಪರೀಕ್ಷೆ ಮಾಡಿದಿರೋ ಅಷ್ಟನ್ನೂ ಬರೆಯಿರಿ.

ಹಂತ 8: ಬೆಳೆಗಾರರಿಗೆ ಅರ್ಥವಾಗುವಂತೆ ಬರೆಯಿರಿ

ಮೇಲಿನ ಸಮೀಕ್ಷೆಯ ಫಲಿತಾಂಶವನ್ನು ನಾನಾದರೆ ಹೀಗೆ ಬರೆಯುತ್ತೇನೆ:

"60 ತೋಟಗಳ ಸಮೀಕ್ಷೆಯಲ್ಲಿ, ಜುಲೈ ಮಳೆ ಮತ್ತು ಬಸಿಗಾಲುವೆಯ ಸ್ಥಿತಿ ಒಂದೇ ಇರುವ ತೋಟಗಳನ್ನು ಹೋಲಿಸಿದಾಗ, ಒಂದು ಸುತ್ತು ಹೆಚ್ಚು ಬೋರ್ಡೋ ಹೊಡೆಸಿದಲ್ಲಿ ಕೊಳೆಯ ನಷ್ಟ ಸುಮಾರು 2 ಅಂಶ ಕಡಿಮೆ ಕಂಡಿತು. ಇದು ಅರ್ಧ ಅಂಶದಷ್ಟು ಚಿಕ್ಕದೂ ಇರಬಹುದು, 3.7ರಷ್ಟು ದೊಡ್ಡದೂ ಇರಬಹುದು. ಎಕರೆಗೆ 10 ಕ್ವಿಂಟಲ್ ಬರುವ ತೋಟದಲ್ಲಿ 5ರಿಂದ 37 ಕೆಜಿ. ಬಸಿಗಾಲುವೆಯ ಬಗ್ಗೆ ಹೇಳಲು ನಮ್ಮ ಅಂಕಿ ಸಾಲದು, ಬಿಡಿಸಿದ ತೋಟ ಆರು ಮಾತ್ರ ಇದ್ದವು. ಸುತ್ತುಗಳನ್ನು ಬೆಳೆಗಾರರೇ ಆರಿಸಿಕೊಂಡಿದ್ದರಿಂದ ನಾವು ಅಳೆಯದ ಬೇರೆ ಕಾರಣಗಳೂ ಸೇರಿರಬಹುದು."

ಇದರ ಕೆಳಗೆ ಕೋಷ್ಟಕ ಹಾಕಿ: ಗುಣಾಂಕ, ಏಕಮಾನ, ವ್ಯಾಪ್ತಿ, ತೋಟಗಳ ಸಂಖ್ಯೆ, ಆಮೇಲೆ ಪಿ. ಮಳೆಯನ್ನು ಯಾವ ಮಾಪಕದಿಂದ ತೆಗೆದುಕೊಂಡಿರಿ, ಅದು ತೋಟದಿಂದ ಎಷ್ಟು ದೂರ ಎಂಬುದನ್ನೂ ಸೇರಿಸಿ. ಘಟ್ಟದಲ್ಲಿ ಕೆಲವೇ ಕಿಲೋಮೀಟರ್‌ಗೆ ಮಳೆ ಬದಲಾಗುತ್ತದೆ.